ಗೋಲು ಹೊಡೆದವರ ಹೆಸರು ಮಾತ್ರ ಸಾಕೇ?

ಮಾನ್ಯ ಸಂಪಾದಕರೇ,

ಕಾಲೇಜು ಹುಡುಗಿಯರ ಹಾಕಿ ಟೂರ್ನಿಯಲ್ಲಿ ಶ್ರೇಷ್ಠ ಆಟಗಾರ್ತಿ ಬಹುಮಾನ ಯಾರಿಗೆ ಸಿಗಬೇಕಿತ್ತು ಎಂಬ ಬಗ್ಗೆ ನಿಮ್ಮ ವಾಚಕರ ಪತ್ರಗಳಲ್ಲಿ ನಡೆಯುತ್ತಿರುವ ಚರ್ಚೆಯನ್ನು ಓದುತ್ತಿದ್ದೇನೆ. ಒಂದೂ ಗೋಲು ಹೊಡೆಯದ ಸೆಂಟರ್ ಹಾಫ್‌ಗೆ, ಅಂದರೆ ಮಧ್ಯ ಮೈದಾನದಲ್ಲಿ ಆಡುವವಳಿಗೆ, ಬಹುಮಾನ ಕೊಟ್ಟಿದ್ದು ತಪ್ಪು, ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದ ಫಾರ್ವರ್ಡ್‌ಗೆ ಅನ್ಯಾಯವಾಯಿತು ಅಂತ ಒಬ್ಬರು ಬರೆದಿದ್ದರು. ಅದಕ್ಕೆ ಇನ್ನೊಬ್ಬರು, ಆಟ ಗೊತ್ತಿದ್ದವರಿಗೆ ಗೊತ್ತು ಅಂತಷ್ಟೇ ಹೇಳಿ ಮುಗಿಸಿದ್ದರು. ಈ ಎರಡನೆಯ ಉತ್ತರದಿಂದ ನನಗೆ ಬೇಸರವಾಯಿತು. ಗೊತ್ತಿಲ್ಲದವರಿಗೆ ತಿಳಿಸಿ ಹೇಳುವುದು ಗೊತ್ತಿದ್ದವರ ಕೆಲಸ ಅಲ್ವಾ?

ನಾನು ಸೋಮವಾರಪೇಟೆ ಕಡೆಯವಳು. ದೈಹಿಕ ಶಿಕ್ಷಕಿಯಾಗಿ ಹೆಣ್ಣುಮಕ್ಕಳಿಗೆ ಹಾಕಿ ಕಲಿಸಿ ನಿವೃತ್ತಳಾಗಿದ್ದೇನೆ. ಆ ಫೈನಲ್ ಅನ್ನು ಮೈದಾನದ ಪಕ್ಕದಲ್ಲೇ ಕೂತು ನೋಡಿದ್ದೇನೆ. ಎರಡೂ ತಂಡದಲ್ಲಿ ನನಗೆ ನೆಂಟರಿಲ್ಲ. ನಾನು ಕಲಿಸಿದ ಮಕ್ಕಳೂ ಇರಲಿಲ್ಲ.

ಮೊದಲು ಒಂದೇ ಒಂದು ಪಾಸಿನ ವಿಷಯ ಹೇಳುತ್ತೇನೆ. ಮೂರನೇ ಕ್ವಾರ್ಟರ್. ಹಿಂದಿನಿಂದ ರಕ್ಷಣೆಯಲ್ಲಿದ್ದ ಫುಲ್ ಬ್ಯಾಕ್ ಚೆಂಡು ಕೊಟ್ಟಳು. ಚೆಂಡು ಬಂದು ಸ್ಟಿಕ್ಕಿಗೆ ತಾಗುವ ಮೊದಲೇ ಈ ಸೆಂಟರ್ ಹಾಫ್ ಹುಡುಗಿ ಎರಡು ಸಲ ತಲೆ ಎತ್ತಿ ಬಲಗಡೆ ನೋಡಿಕೊಂಡಿದ್ದಳು. ಎದುರಾಳಿಗಳು ಇಬ್ಬರು ಅವಳ ಮೇಲೆ ನುಗ್ಗಿದರು. ಎಡಕ್ಕೆ ಹೊಡೆಯುವ ಹಾಗೆ ಭುಜ ತಿರುಗಿಸಿದಳು. ಇಬ್ಬರೂ ಅತ್ತ ವಾಲಿದರು. ಅವರ ಮಧ್ಯೆ ಬಿದ್ದ ಸಂದಿಯಲ್ಲಿ ಚೆಂಡು ನೆಲ ಬಿಟ್ಟು ಏಳದೆ ನೇರವಾಗಿ ಬಲ ವಿಂಗರ್ ಓಡುತ್ತಿದ್ದ ದಾರಿಗೆ ಹೋಯಿತು. ವಿಂಗರ್ ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ಆದರೆ ಆ ಮಗುವಿಗೆ ಚೆಂಡು ನಿಲ್ಲಿಸಲು ಆಗಲಿಲ್ಲ. ಸ್ಟಿಕ್ಕಿನ ಪಕ್ಕದಲ್ಲೇ ಜಾರಿ ಬ್ಯಾಕ್‌ಲೈನ್ ದಾಟಿತು. ಎದುರಾಳಿಗೆ 16 ಗಜದ ಹಿಟ್ ಸಿಕ್ಕಿತು, ಅಂದರೆ ಚೆಂಡು ಅವರ ಪಾಲಾಯಿತು. ನನ್ನ ಹಿಂದೆ ಕೂತಿದ್ದವರು ಕೂಗಿದ್ದು ಸೆಂಟರ್ ಹಾಫ್ ಮೇಲೆ. "ಪಾಸ್ ಕೊಡೋಕೇ ಬರಲ್ಲ ಇವಳಿಗೆ!"

ಆ ಫೈನಲ್‌ನಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ಪಾಸ್ ಅದು. ಅದು ಯಾವ ಸ್ಕೋರ್‌ಶೀಟಿನಲ್ಲೂ ಇಲ್ಲ. ಗೆದ್ದ ತಂಡದ ಎರಡೂ ಗೋಲು ಪೆನಾಲ್ಟಿ ಕಾರ್ನರ್‌ನಿಂದ ಬಂದವು. ಗೋಲಿನ ಮುಂದಿನ ಸರ್ಕಲ್‌ನಲ್ಲಿ ಎದುರಾಳಿ ತಪ್ಪು ಮಾಡಿದಾಗ ಸಾಮಾನ್ಯವಾಗಿ ಸಿಗುವ ಹೊಡೆತ ಅದು. ಎರಡೂ ಸಲ ಮಧ್ಯ ಮೈದಾನದಲ್ಲಿ ಚೆಂಡು ಕಿತ್ತುಕೊಂಡು ಸರ್ಕಲ್‌ವರೆಗೆ ದಾಟಿಸಿದ್ದು ಇದೇ ಸೆಂಟರ್ ಹಾಫ್. ಮರುದಿನದ ವರದಿಯಲ್ಲಿ ಗೋಲು ಹೊಡೆದವಳ ಹೆಸರಿತ್ತು, ತಂಡದ ಹೆಸರಿತ್ತು, ಬಹುಮಾನ ವಿತರಿಸಿದ ಗಣ್ಯರ ಹೆಸರು ಸಾಲಾಗಿ ಇತ್ತು. ಅಷ್ಟು ಓದಿದವರಿಗೆ ಈ ಬಹುಮಾನ ಯಾಕೆ ಅಂತ ಅನ್ನಿಸಿದರೆ ಅದು ಅವರ ತಪ್ಪಲ್ಲ.

ಇದೇ ಜಗಳವನ್ನು ನಾನು ಇನ್ನೊಂದು ಆಟದಲ್ಲೂ ನೋಡುತ್ತಿದ್ದೇನೆ. ನನ್ನ ತಂಗಿಯ ಮಗ ಅಮೆರಿಕದ ಲೂಸಿಯಾನಾದಲ್ಲಿ ಓದಿ ಈಗ ಅಲ್ಲೇ ಕೆಲಸದಲ್ಲಿದ್ದಾನೆ. ಅವನಿಗೆ ಅಲ್ಲಿಯ ಕಾಲೇಜು ಫುಟ್‌ಬಾಲ್ ಹುಚ್ಚು. ನಮ್ಮ ಕಾಲ್ಚೆಂಡು ಬೇರೆ, ಅದು ಬೇರೆ. ಉದ್ದನೆಯ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದುಕೊಂಡು ಓಡಿ ಆಡುವ ಆಟ. ಅಲ್ಲಿಯ ಶನಿವಾರ ರಾತ್ರಿಯ ಆಟ ನಮಗೆ ಭಾನುವಾರ ಬೆಳಗಿನ ಕಾಫಿ ಹೊತ್ತಿಗೆ ನಡೆಯುತ್ತಿರುತ್ತದೆ. ಅವನು ಫೋನ್ ಮಾಡಿ ವಿವರಿಸುತ್ತಾ ವಿವರಿಸುತ್ತಾ ನನಗೂ ಆಟ ಅರ್ಥವಾಗತೊಡಗಿತು. ಅವನ ಕಾಲೇಜಿನ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ವಿದ್ಯಾರ್ಥಿಗಳ ಆಟಕ್ಕೆ ಅಷ್ಟು ಜನ!

ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರುತ್ತಾನೆ. ತಂಡದ ಹೆಚ್ಚುಕಡಿಮೆ ಪ್ರತಿಯೊಂದು ದಾಳಿಯೂ ಅವನ ಕೈಯಿಂದ ಶುರುವಾಗುತ್ತದೆ. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗುವುದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ, ತಾನೇ ಓಡಬೇಕೋ ಅಂತ ತೀರ್ಮಾನಿಸಬೇಕು. ದಪ್ಪ ದಪ್ಪ ಆಳುಗಳು ಅವನನ್ನು ಕೆಡವಲು ಬರುತ್ತಿರುತ್ತಾರೆ. ನಮ್ಮ ಸೆಂಟರ್ ಹಾಫ್ ಕೆಲಸವೂ ಇದೇ ಜಾತಿಯದು. ಚೆಂಡು ಅವಳ ಮೂಲಕ ಹೋಗುತ್ತದೆ, ಫಲ ಇನ್ನೊಬ್ಬರ ಕೈಯಲ್ಲಿರುತ್ತದೆ.

ಈ ಕ್ವಾರ್ಟರ್‌ಬ್ಯಾಕ್ ಚೆನ್ನಾಗಿ ಆಡಿದನೋ ಇಲ್ಲವೋ ಅಂತ ಅಭಿಮಾನಿಗಳು ವಾರವಿಡೀ ವಾದ ಮಾಡುತ್ತಾರೆ. ತಂಡ ಗೆದ್ದಿತಲ್ಲ, ಇನ್ನೇನು ಬೇಕು ಅಂತ ಒಂದು ಗುಂಪು. ಅಂಕಿ ನೋಡಿ ಅಂತ ಇನ್ನೊಂದು ಗುಂಪು. ಕಾಲೇಜು ಆಟದಲ್ಲಿ ಅದಕ್ಕೊಂದು ಅಧಿಕೃತ ಸೂತ್ರವೇ ಇದೆ. ಎಸೆತಗಳಿಂದ ತಂಡ ಮುಂದೆ ಸಾಗಿದ ಒಟ್ಟು ಗಜಗಳನ್ನು 8.4ರಿಂದ ಗುಣಿಸಬೇಕು. ಪ್ರತಿ ಟಚ್‌ಡೌನ್ ಪಾಸಿಗೆ (ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ತಂದ ಪಾಸಿಗೆ) 330, ಜೊತೆಗಾರನ ಕೈ ಸೇರಿದ ಪ್ರತಿ ಪಾಸಿಗೆ 100 ಕೂಡಿಸಬೇಕು. ಎದುರಾಳಿ ಹಿಡಿದುಕೊಂಡ ಪ್ರತಿ ಪಾಸಿಗೆ 200 ಕಳೆಯಬೇಕು. ಬಂದದ್ದನ್ನು ಒಟ್ಟು ಎಸೆತಗಳ ಸಂಖ್ಯೆಯಿಂದ ಭಾಗಿಸಬೇಕು.

ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿದೆ. ಒಬ್ಬ 30 ಸಲ ಎಸೆದ ಅಂತಿಟ್ಟುಕೊಳ್ಳಿ. 20 ಜೊತೆಗಾರರಿಗೆ ಸಿಕ್ಕಿತು. 250 ಗಜ, 2 ಟಚ್‌ಡೌನ್, ಎದುರಾಳಿ ಹಿಡಿದದ್ದು 1. ಸೂತ್ರದ ಪ್ರಕಾರ ಅವನಿಗೆ 152 ಬರುತ್ತದೆ. ಈಗ ಆ ಎದುರಾಳಿ ಹಿಡಿದ ಚೆಂಡಿನ ಕಥೆ ಕೇಳಿ. ಅದು ಸರಿಯಾಗಿ ಜೊತೆಗಾರನ ಎರಡೂ ಅಂಗೈಗೆ ಬಂದು ಬಿದ್ದು, ಅವನು ಹಿಡಿಯಲಾಗದೆ ಮೇಲಕ್ಕೆ ಚಿಮ್ಮಿ, ಎದುರಾಳಿಯ ಕೈಗೆ ಸಿಕ್ಕಿದ್ದು ಅನ್ನಿ. ಅದನ್ನು ಆ ಜೊತೆಗಾರನೇ ಹಿಡಿದು 10 ಗಜ ಗಳಿಸಿದ್ದರೆ ಅದೇ ಕ್ವಾರ್ಟರ್‌ಬ್ಯಾಕ್‌ಗೆ 164.8 ಬರುತ್ತಿತ್ತು. ಎಸೆದವನು ಎರಡೂ ಸಲ ಮಾಡಿದ್ದು ಒಂದೇ ಕೆಲಸ. ಇನ್ನೊಬ್ಬನ ಅಂಗೈಯಿಂದ ಅವನ ಅಂಕ ಇಷ್ಟು ಬದಲಾಯಿತು.

ಇನ್ನೂ ಇದೆ. ಮೂರು ಗಜ ದೂರಕ್ಕೆ ಸುಮ್ನೆ ತಳ್ಳಿದ ಚೆಂಡನ್ನು ಹಿಡಿದವನು ತನ್ನ ಕಾಲಿನ ಬಲದಿಂದ 70 ಗಜ ಓಡಿದರೆ ಆ ಗಜಗಳೆಲ್ಲ ಎಸೆದವನ ಲೆಕ್ಕಕ್ಕೂ ಸೇರುತ್ತವೆ. ಯಾರೂ ಖಾಲಿ ಇಲ್ಲ ಅಂತ ನೋಡಿ, ಬುದ್ಧಿ ಉಪಯೋಗಿಸಿ ಚೆಂಡನ್ನು ಗೆರೆಯಾಚೆ ಎಸೆದು ತಂಡವನ್ನು ಉಳಿಸಿದವನಿಗೆ ಅದು ಕೈಸೇರದ ಎಸೆತ. ಅವನ ಅಂಕ ಇಳಿಯುತ್ತದೆ. ಅದೇ ಚೆಂಡು ಹಿಡಿದುಕೊಂಡೇ ನಿಂತು ಎದುರಾಳಿಯಿಂದ ಕೆಳಗೆ ಬಿದ್ದು ತಂಡಕ್ಕೆ ಗಜ ಕಳೆದವನಿಗೆ ಈ ಸೂತ್ರದಲ್ಲಿ ಏನೂ ನಷ್ಟವಿಲ್ಲ. ಕಾಲೇಜು ಆಟದಲ್ಲಿ ಆ ನಷ್ಟವನ್ನು ಓಟದ ಲೆಕ್ಕದಲ್ಲಿ ಕಳೆಯುತ್ತಾರೆ. ಅಂದರೆ ಸರಿಯಾಗಿ ತೀರ್ಮಾನಿಸಿದವನಿಗೆ ಕಡಿಮೆ ಅಂಕ, ತಡಮಾಡಿದವನಿಗೆ ಅಂಕ ಹಾಗೇ. ಇದನ್ನೆಲ್ಲ ಸರಿಪಡಿಸಬೇಕೆಂದು 2011ರಲ್ಲಿ ಇಎಸ್‌ಪಿಎನ್ ಚಾನೆಲ್‌ನವರು 0ಯಿಂದ 100ರವರೆಗಿನ ಹೊಸ ಅಳತೆಯೊಂದನ್ನು ತಂದರು. ಓಟ, ಬೀಳುವುದು, ಆಟದ ಸ್ಥಿತಿ ಎಲ್ಲವನ್ನೂ ಅದರಲ್ಲಿ ಸೇರಿಸಿದ್ದಾರೆ. ಆದರೆ ಆ ಲೆಕ್ಕವನ್ನು ನನ್ನಂಥವಳು ಪೆನ್ಸಿಲ್ ಹಿಡಿದು ಹಾಕಲು ಆಗುವುದಿಲ್ಲ. ಅಂಕ ಬರುತ್ತದೆ, ಹೇಗೆ ಬಂತು ಅಂತ ಪೂರ್ತಿ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಾಗಿದ್ದು ಜೋ ಬರೋ ಎಂಬ ಹುಡುಗನ ಕಥೆ. ಓಹಾಯೊ ರಾಜ್ಯದವನು. ಅಲ್ಲಿಯ ದೊಡ್ಡ ತಂಡದಲ್ಲಿ ಆಡಲು ಅವಕಾಶ ಸಿಗದೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಬಂದ. 2018ರಲ್ಲಿ ಅವನ ಎಸೆತಗಳಲ್ಲಿ ಶೇ 57.8 ಕೈಸೇರಿದವು, ಟಚ್‌ಡೌನ್ ಪಾಸ್ 16. ಕೆಟ್ಟದ್ದಲ್ಲ, ಆದರೆ ಯಾರೂ ಅವನ ಹೆಸರು ಎತ್ತುತ್ತಿರಲಿಲ್ಲ. 2019ರಲ್ಲಿ ಅದೇ ಹುಡುಗ, ಅದೇ ಜೆರ್ಸಿ. ಶೇ 76.3 ಕೈಸೇರಿದವು, ಟಚ್‌ಡೌನ್ ಪಾಸ್ 60. ತಂಡ 15 ಪಂದ್ಯ ಆಡಿ 15ನ್ನೂ ಗೆದ್ದಿತು. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಅವನಿಗೇ ಬಂತು.

ಒಂದೇ ವರ್ಷದಲ್ಲಿ ಅವನ ಕೈಗೆ ಹೊಸ ಶಕ್ತಿ ಬಂತೇ? ಅವನೂ ಬೆಳೆದಿದ್ದ, ನಿಜ. ಆದರೆ ಎಸೆತದ ದಾಳಿಗೆ ಜೋ ಬ್ರೇಡಿ ಎಂಬ ಹೊಸ ಕೋಚ್ ಬಂದಿದ್ದರು. ತಂಡ ಆಡುವ ರೀತಿಯೇ ಬದಲಾಯಿತು. ಚೆಂಡು ಹಿಡಿಯಲು ಜಸ್ಟಿನ್ ಜೆಫರ್‌ಸನ್, ಜಮಾರ್ ಚೇಸ್ ಎಂಬ ಇಬ್ಬರು ಹುಡುಗರು ಪಳಗಿ ನಿಂತಿದ್ದರು. ಮುಂದೆ ಇಬ್ಬರೂ ವೃತ್ತಿಪರ ಆಟದಲ್ಲಿ ದೊಡ್ಡ ಹೆಸರು ಮಾಡಿದರು. 2018ರ ಅಂಕಿ ಹಿಡಿದು ಆ ಹುಡುಗನನ್ನು ಸಾಧಾರಣ ಅಂತ ಪಕ್ಕಕ್ಕಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ.

"ದೊಡ್ಡಮ್ಮ, ಹಾಗಾದರೆ ಅಂಕಿಯೇ ಬೇಡ ಅಂತೀರಾ?" ಅಂತ ನನ್ನ ತಂಗಿಯ ಮಗ ಕೇಳಿದ. ಖಂಡಿತಾ ಇಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಅಂಕಿ ಇಲ್ಲದ ಕಡೆ ಏನು ನಡೆಯುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ನನ್ನ ಶಾಲೆಯಲ್ಲಿದ್ದಳು. ಅವಳ ಸ್ಟಿಕ್ಕಿನಿಂದ ಚೆಂಡು ಕಿತ್ತುಕೊಳ್ಳುವುದು ಗಂಡುಮಕ್ಕಳಿಗೂ ಕಷ್ಟವಾಗುತ್ತಿತ್ತು. ಆಯ್ಕೆ ಟ್ರಯಲ್ಸ್‌ಗೆ ಕರೆದುಕೊಂಡು ಹೋದೆ. ಆಯ್ಕೆ ಮಾಡುವವರಲ್ಲಿ ಒಬ್ಬರು, "ಚೆನ್ನಾಗಿ ಆಡ್ತಾಳೆ ಮೇಡಂ, ಆದ್ರೆ ಆಟದಲ್ಲಿ ಕಳೆ ಇಲ್ಲ" ಅಂದರು. ಕಳೆ ಅಂದರೇನು ಅಂತ ನಾನು ಕೇಳಿದೆ. ಉತ್ತರ ಬರಲಿಲ್ಲ. ಅವಳ ಜಾಗಕ್ಕೆ ಹೋದ ಹುಡುಗಿ ಯಾರ ಮನೆಯವಳು ಅಂತ ಎಲ್ಲರಿಗೂ ಗೊತ್ತಿತ್ತು. ಕಣ್ಣಿನ ಅಂದಾಜು ಮಾತ್ರ ನಂಬಿದರೆ ಕಣ್ಣು ತನಗೆ ಬೇಕಾದವರನ್ನೇ ನೋಡುತ್ತದೆ. ಆವತ್ತು ನನ್ನ ಹತ್ತಿರ ಬರೆದಿಟ್ಟ ಲೆಕ್ಕ ಇದ್ದಿದ್ದರೆ ಮೇಜಿನ ಮೇಲೆ ಇಟ್ಟು ಮಾತಾಡಬಹುದಿತ್ತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹಾಫ್ ಲೈನಿನ ಒಬ್ಬೊಬ್ಬಳ ಕೈಗೆ ಚೆಂಡು ಬಂದಾಗಲೂ ಗುರುತು ಹಾಕುತ್ತಿದ್ದೆ. ತೀರ್ಮಾನ ಸರಿಯಿದ್ದರೆ ಒಂದು ಗೆರೆ. ಹೊಡೆತವೂ ಸರಿಯಿದ್ದರೆ ಅದರ ಮೇಲೆ ಅಡ್ಡಗೆರೆ. ಎದುರಿಗಿದ್ದವಳು ನಿಲ್ಲಿಸಲಾಗದೆ ಬಿಟ್ಟರೆ ಪಕ್ಕದಲ್ಲಿ ಚುಕ್ಕಿ. ಚುಕ್ಕಿ ಬಿದ್ದ ಮಾತ್ರಕ್ಕೆ ಗೆರೆ ಅಳಿಸುವುದಿಲ್ಲ. ಚೆಂಡು ಕಿತ್ತುಕೊಂಡಿದ್ದಕ್ಕೆ ಬೇರೆ ಸಾಲು, ಕಳೆದುಕೊಂಡಿದ್ದಕ್ಕೆ ಬೇರೆ ಸಾಲು. ಪೆನಾಲ್ಟಿ ಕಾರ್ನರ್ ಯಾರಿಂದ ಸಿಕ್ಕಿತು ಅಂತ ಕೆಳಗೆ ಹೆಸರು. ಇದಕ್ಕೆ ಕಂಪ್ಯೂಟರ್ ಬೇಡ. ಆಟ ಬಲ್ಲ ಒಬ್ಬರು, ಒಂದು ಪೆನ್ಸಿಲ್, ಮೊಬೈಲ್ ನೋಡದೆ ಒಂದು ಗಂಟೆ. ಈ ಪುಸ್ತಕ ತೋರಿಸಿ ಮಕ್ಕಳ ಜೊತೆ ಮಾತಾಡಿದರೆ ಅವರಿಗೂ ತಮ್ಮ ಆಟ ಕಾಣುತ್ತಿತ್ತು. ಗೋಲು ಹೊಡೆಯದೆ ಅಳುತ್ತಾ ಕೂತ ಹುಡುಗಿಗೆ, ನೋಡು ಮಗಳೇ ನಿನ್ನ ಗೆರೆಗಳು ಎಷ್ಟಿವೆ ಅಂತ ತೋರಿಸುತ್ತಿದ್ದೆ.

ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ ಹಾಕಿ ಅಂದರೆ ಬರೀ ಕ್ಲಬ್ಬು, ಕಾಲೇಜಿನ ಆಟವಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಸೇರಿದವು. ಒಂದೇ ತಂಡದಲ್ಲಿ ಹಾಸ್ಟೆಲ್‌ನಲ್ಲಿದ್ದು ದಿನವೂ ಟರ್ಫ್ ಮೇಲೆ ಆಡುವ ಹುಡುಗ, ಅವನ ಅಕ್ಕ, ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ಚಿಕ್ಕಪ್ಪ ಎಲ್ಲರೂ ಇರಬಹುದು. ಅದರ ಸೊಗಸೇ ಅದು. ಆದರೆ ಅಲ್ಲಿ ಮೊದಲ ಸುತ್ತಿನಲ್ಲಿ ಹೊಸ ತಂಡದ ಮೇಲೆ ಹೊಡೆದ ಆರು ಗೋಲನ್ನೂ ಕ್ವಾರ್ಟರ್‌ಫೈನಲ್‌ನಲ್ಲಿ ಗಟ್ಟಿ ರಕ್ಷಣೆ ಸೀಳಿ ಹೊಡೆದ ಒಂದು ಗೋಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುತ್ತದೆಯೇ? ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲೂ ಇದೇ ತಾಪತ್ರಯ. ಮೇಲಿನ ದರ್ಜೆಯಲ್ಲೇ 130ಕ್ಕೂ ಜಾಸ್ತಿ ತಂಡಗಳು. ಸೀಸನ್‌ಗೆ ಹನ್ನೆರಡು ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವುದಿಲ್ಲ. ದೊಡ್ಡ ತಂಡಗಳು ಸೀಸನ್ ಶುರುವಿನಲ್ಲಿ ಸಣ್ಣ ತಂಡಗಳನ್ನು ಕರೆಸಿ ಸೋಲಿಸುವುದು ಮಾಮೂಲು. ಆ ಪಂದ್ಯದ ಅಂಕಿಯನ್ನು ಎಷ್ಟು ನಂಬಬೇಕು ಅಂತ ಅಲ್ಲಿಯವರು ಮೊದಲು ಕೇಳುತ್ತಾರೆ. ನಾವೂ ಕೇಳಬೇಕು.

ನಮ್ಮ ಜಿಲ್ಲೆಯ ದೊಡ್ಡ ಹೆಸರುಗಳನ್ನೇ ನೆನಪಿಸಿಕೊಳ್ಳಿ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾದ ಎಂ.ಎಂ. ಸೋಮಯ್ಯ ಮಿಡ್‌ಫೀಲ್ಡ್ ಆಟಗಾರರು. 1992, 1996ರ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲು ಕಾದ ಎ.ಬಿ. ಸುಬ್ಬಯ್ಯ ಗೋಲ್‌ಕೀಪರ್. ಗೋಲಿನ ಪಟ್ಟಿಯಲ್ಲಿ ಇವರನ್ನು ಹುಡುಕಿದರೆ ಏನು ಸಿಗುತ್ತದೆ? ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಫಾರ್ವರ್ಡ್ ಆದರೂ, ಬಲಗಡೆಯಿಂದ ಅವರು ಓಡಿದ ಓಟಕ್ಕೆ ಎದುರಾಳಿಗಳ ರಕ್ಷಣೆಯೇ ಚದುರಿ ಹೋಗುತ್ತಿತ್ತು. ಅದರ ಲಾಭ ಗೋಲಾಗಿ ಬಂದಾಗ ಎಷ್ಟೋ ಸಲ ಹೆಸರು ಇನ್ನೊಬ್ಬರದು. ಇಂಥ ಆಟಗಾರರನ್ನು ಕೊಟ್ಟ ಜಿಲ್ಲೆ ಗೋಲೆಣಿಸಿ ಸುಮ್ಮನಾಗಬಾರದು.

ಗೋಲು ಹೊಡೆದ ಫಾರ್ವರ್ಡ್ ಹುಡುಗಿಯ ಬಗ್ಗೆ ಒಂದು ಮಾತು. ಅವಳು ಒಳ್ಳೆಯ ಆಟಗಾರ್ತಿ. ಸರ್ಕಲ್ ಒಳಗೆ ಅವಳ ಕೈ ನಡುಗುವುದಿಲ್ಲ, ಅದು ಸುಲಭಕ್ಕೆ ಬರುವ ಗುಣವಲ್ಲ. ಅವಳಿಗೆ ಬಹುಮಾನ ಸಿಕ್ಕಿದ್ದರೂ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಇಬ್ಬರೂ ಹತ್ತೊಂಬತ್ತು, ಇಪ್ಪತ್ತರ ಮಕ್ಕಳು. ಫೈನಲ್ ಮುಗಿದ ರಾತ್ರಿ ಸೆಂಟರ್ ಹಾಫ್ ಹುಡುಗಿಯ ಫೋಟೊ ಹಾಕಿ ವಾಟ್ಸಾಪ್ ಗುಂಪುಗಳಲ್ಲಿ ಬರೆದ ಮಾತುಗಳನ್ನು ನಾನು ಓದಿದೆ. ಯಾರೋ ಕಳಿಸಿದ್ದರು. ಹೊಟ್ಟೆ ಉರಿಯಿತು. ಆಟದ ಬಗ್ಗೆ ಏನು ಬೇಕಾದರೂ ವಾದ ಮಾಡಿ. ಮಗುವಿನ ಮನೆ, ಜಾತಿ, ಮೈಕಟ್ಟು ಎಳೆದು ತರಬೇಡಿ. ಅಮೆರಿಕದಲ್ಲಿ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತು ದುಡ್ಡು ಪಡೆಯಬಹುದು. ದುಡ್ಡು ತಗೋತಾನೆ, ಬೈಸಿಕೊಳ್ಳಲಿ ಅಂತ ಅಲ್ಲಿ ಕೆಲವರು ಹೇಳುತ್ತಾರಂತೆ. ಅದನ್ನೂ ನಾನು ಒಪ್ಪುವುದಿಲ್ಲ. ನಮ್ಮ ಈ ಮಕ್ಕಳಿಗಂತೂ ಒಂದು ಜೊತೆ ಶೂ, ಬಸ್ ಚಾರ್ಜ್ ಸಿಕ್ಕರೆ ದೊಡ್ಡದು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇದು. ಹಾಕಿ ವರದಿಗೆ ಇನ್ನೂ ಮೂರು ನಾಲ್ಕು ಸಾಲು ಕೊಡಿ. ಗೋಲಿಗೆ ಕೊನೆಯ ಪಾಸ್ ಯಾರದು, ಪೆನಾಲ್ಟಿ ಕಾರ್ನರ್ ಯಾರು ಗಳಿಸಿಕೊಟ್ಟರು, ಗೋಲ್‌ಕೀಪರ್ ಎಷ್ಟು ತಡೆದರು ಅಂತ ಬರೆಯಿರಿ. ಜಾಗ ಇಲ್ಲದಿದ್ದರೆ ವೇದಿಕೆಯ ಮೇಲಿದ್ದ ಗಣ್ಯರ ಹೆಸರಿನಲ್ಲಿ ಒಂದು ಸಾಲು ಕಡಿಮೆ ಮಾಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಟೂರ್ನಿ ನಡೆಸುವವರಿಗೂ ಒಂದು ಮಾತು: ಶ್ರೇಷ್ಠ ಆಟಗಾರ್ತಿ ಹೆಸರು ಹೇಳುವಾಗ ಯಾಕೆ ಅವಳಿಗೆ ಅಂತ ಮೈಕಿನಲ್ಲಿ ಎರಡು ವಾಕ್ಯ ಹೇಳಿ. ಆವತ್ತು ಹೇಳಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಇದು ಬರೀ ಮರ್ಯಾದೆಯ ವಿಷಯವಲ್ಲ. ಕ್ರೀಡಾ ಕೋಟಾದಲ್ಲಿ ಸೀಟು, ಕೆಲಸ ಕೇಳಲು ಹೋಗುವ ಮಕ್ಕಳು ಒಂದು ಫೈಲ್ ಇಟ್ಟುಕೊಂಡಿರುತ್ತಾರೆ. ಸರ್ಟಿಫಿಕೇಟ್‌ಗಳ ಹಿಂದೆ ಪೇಪರ್ ಕಟಿಂಗ್‌ಗಳು. ಫಾರ್ವರ್ಡ್ ಮಕ್ಕಳ ಫೈಲ್ ದಪ್ಪ ಇರುತ್ತದೆ. ನನ್ನ ಹತ್ತಿರ ಕಲಿತ ಹಾಫ್‌ಗಳ, ಫುಲ್ ಬ್ಯಾಕ್‌ಗಳ ಫೈಲಿನಲ್ಲಿ ತಂಡದ ಫೋಟೊ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಫೋಟೊ ಕೆಳಗೆ ಹೆಸರೂ ಇರುತ್ತಿರಲಿಲ್ಲ.

ಮುಂದಿನ ಟೂರ್ನಿಗೆ ನಾನು ನೋಟ್‌ಬುಕ್ ಹಿಡಿದುಕೊಂಡು ಬರುತ್ತೇನೆ. ನಿಮ್ಮ ವರದಿಗಾರರು ಸ್ಕೋರರ್ ಮೇಜಿನ ಹತ್ತಿರ ಬಂದಾಗ ನನ್ನನ್ನು ಕರೆದರೆ ಸಾಕು. ಬರೆದದ್ದನ್ನೆಲ್ಲ ಕೊಡುತ್ತೇನೆ, ಅರ್ಥವಾಗದ್ದನ್ನು ಜೊತೆಗೆ ಕೂತು ವಿವರಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕಿ,
ಸೋಮವಾರಪೇಟೆ, ಕೊಡಗು